ಮಡಕೆ ಒಡೆದರೂ ಕಾಳು ಉಳಿಯಬೇಕು

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಲ್ಯಾಪ್‌ಟಾಪ್ ಬಿದ್ದಿದೆಯೇ? ಗುಜರಿಗೆ ಹಾಕಬೇಡಿ. ಅದಕ್ಕೆ ಲಿನಕ್ಸ್ ಹಾಕಿ, ಡಾಕರ್ ಹಾಕಿ. ನಿಮ್ಮ ಫೋಟೋ, ನಿಮ್ಮ ಕಾಗದಪತ್ರ ನಿಮ್ಮ ಮನೆಯಲ್ಲೇ ಇರಲಿ. ಪರರ ಜಗಲಿಯಲ್ಲಿ ಗಂಟು ಇಟ್ಟು ಎಷ್ಟು ದಿನ ನಿದ್ದೆ ಮಾಡುತ್ತೀರಿ? ಆದರೆ ಒಂದು ಮಾತು. ಮನೆ ನಿಮ್ಮದಾದರೆ ಕಾವಲೂ ನಿಮ್ಮದೇ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತೆ.

ಡಾಕರ್ ಬಂದದ್ದು 2013ರಲ್ಲಿ. ಅದು ಮಾಯೆಯಲ್ಲ. ಒಂದು ತಂತ್ರಾಂಶಕ್ಕೆ ಬೇಕಾದ ಸರಂಜಾಮನ್ನೆಲ್ಲ ಒಂದು ಡಬ್ಬಿಗೆ ತುಂಬಿ, ಅದೇ ಲಿನಕ್ಸ್ ಕರ್ನಲ್ ಮೇಲೆ ಬೇರೆಯಾಗಿ ಓಡಿಸುವುದು. ಈ ಡಬ್ಬಿಯೇ ಕಂಟೇನರ್. ಅದು ಮಣ್ಣಿನ ಮಡಕೆಯಿದ್ದಂತೆ. ಒಡೆದರೆ ಹೊಸದು ತರಬಹುದು. ಒಳಗಿನ ಕಾಳು ಮಾತ್ರ ನಿಮ್ಮದು. ಅದನ್ನು ವಾಲ್ಯೂಮ್‌ನಲ್ಲೋ, ಹೊರಗಿನ ಫೋಲ್ಡರಿನಲ್ಲೋ ಇಡಬೇಕು. ಇಡದಿದ್ದರೆ ಮಡಕೆಯ ಜೊತೆ ಕಾಳೂ ಮಣ್ಣುಪಾಲು.

ನಮ್ಮಪ್ಪ ನಲವತ್ತು ವರ್ಷ ಊರಿನ ನಾಟಕಗಳ ಕರಪತ್ರ ಕೂಡಿಟ್ಟಿದ್ದರು. ನಾನು ಅವನ್ನು ಸ್ಕ್ಯಾನ್ ಮಾಡಿ ಪೇಪರ್‌ಲೆಸ್ ಎಂಬ ತಂತ್ರಾಂಶಕ್ಕೆ ಹಾಕಿದೆ. ಅಚ್ಚಿನ ಅಕ್ಷರ ಓದಲು ಅದು ಬಳಸುವುದು ಟೆಸೆರಾಕ್ಟ್. ಟೆಸೆರಾಕ್ಟ್‌ಗೆ ಕನ್ನಡ ಬರುತ್ತದೆ. ಆದರೆ ಪೇಪರ್‌ಲೆಸ್ ತಾನಾಗಿ ಓದುವುದು ಇಂಗ್ಲಿಷ್ ಮಾತ್ರ. ಕಂಪೋಸ್ ಕಡತದ ಭಾಷೆಯ ಸಾಲುಗಳಲ್ಲಿ ಕೆ, ಎ, ಎನ್ ಎಂಬ ಮೂರು ಅಕ್ಷರ ಸೇರಿಸಬೇಕು. ಅಷ್ಟೇ! ಕನ್ನಡ ಇಲ್ಲವೆಂದು ಗೊಣಗುವ ಮೊದಲು ಕನ್ನಡ ಕೇಳಿದ್ದೇವೆಯೇ ನೋಡಿಕೊಳ್ಳಿ. ನಾಟಕದ ಹೆಸರು ಹೊಡೆದರೆ ಕರಪತ್ರ ಎದುರಿಗೆ ಬಂತು. ಅಪ್ಪ ಮಗುವಿನಂತೆ ನಕ್ಕರು. ಆ ಮಳೆಗಾಲದಲ್ಲೇ ಮೂಲ ಕಾಗದಗಳನ್ನು ಗೆದ್ದಲು ತಿಂದಿತು. 'ಕಂಪ್ಯೂಟರಿನಲ್ಲಿದೆಯಲ್ಲ' ಎಂದು ಬೀಗಿದೆ.

ಕಂಪೋಸ್ ಕಡತದಲ್ಲಿ ದತ್ತಸಂಚಯದ ಮುಂದೆ ಸೋಮಾರಿಯಂತೆ 'ಲೇಟೆಸ್ಟ್' ಎಂದು ಬರೆದಿದ್ದೆ. 2024ರ ಸೆಪ್ಟೆಂಬರ್‌ನಲ್ಲಿ ಪೋಸ್ಟ್‌ಗ್ರೆಸ್ 17 ಬಂತು. ಒಂದು ರಾತ್ರಿ ಅಪ್‌ಡೇಟ್ ಹೊಡೆದೆ. 16ರಲ್ಲಿ ಬರೆದ ದತ್ತಾಂಶವನ್ನು 17 ನೇರವಾಗಿ ತೆರೆಯುವುದಿಲ್ಲ, ಎದ್ದೇಳಲು ನಿರಾಕರಿಸಿತು. ಹಳೆಯ 16ಕ್ಕೆ ಮರಳಿದ್ದರೆ ಮುಗಿಯುತ್ತಿತ್ತು. ಗಾಬರಿಯಲ್ಲಿ 'ಡಾಕರ್ ಕಂಪೋಸ್ ಡೌನ್' ಬರೆದು ಜೊತೆಗೆ 'ಮೈನಸ್ ವಿ' ಸೇರಿಸಿದೆ. ಬರೀ ಡೌನ್ ಮಡಕೆಯನ್ನಷ್ಟೇ ತೆಗೆಯುತ್ತದೆ. ಆ ಒಂದು ಅಕ್ಷರ ಕಣಜಕ್ಕೇ ಬೆಂಕಿ ಇಡುತ್ತದೆ. ವಾಲ್ಯೂಮ್‌ಗಳೆಲ್ಲ ಹೋದವು. ತಪ್ಪು ಯಾರದು? ನನ್ನದೇ.

ಧಾರವಾಡದ ಅಕ್ಕನ ಮನೆಯ ಪೆನ್‌ಡ್ರೈವಿನಲ್ಲಿ ಅರ್ಧ ಕರಪತ್ರಗಳ ನಕಲು ಇತ್ತು. ಉಳಿದರ್ಧ ಹೋಯಿತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಕೇಳಿ. ದತ್ತಸಂಚಯದ ಆವೃತ್ತಿಯನ್ನು ಅಂಕಿಯಲ್ಲೇ ಬರೆಯಿರಿ. ಅಪ್‌ಡೇಟಿಗೆ ಮೊದಲು ನಕಲು ತೆಗೆಯಿರಿ. ಓಡುತ್ತಿರುವ ದತ್ತಸಂಚಯದ ಕಡತಗಳನ್ನು ಸುಮ್ಮನೆ ಕಾಪಿ ಮಾಡಿದರೆ ನಂಬುವಂತಿಲ್ಲ. ಪಿಜಿ ಡಂಪ್ ಬಳಸಿ, ಅಥವಾ ಪೇಪರ್‌ಲೆಸ್‌ನದೇ ಎಕ್ಸ್‌ಪೋರ್ಟರ್ ಬಳಸಿ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಕಂಪೋಸ್ ಕಡತವನ್ನೂ ಅದರ ಜೊತೆಗಿಡಿ. ಎಲ್ಲಕ್ಕಿಂತ ಮುಖ್ಯ, ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಯಂತ್ರದಲ್ಲಿ ಎಬ್ಬಿಸಿ ನೋಡಿ. ಎಬ್ಬಿಸಿ ನೋಡದ ಬ್ಯಾಕಪ್ ಬರೀ ನಂಬಿಕೆ.

ಸರ್ವರ್ ಕಟ್ಟುವುದು ಒಂದು ಭಾನುವಾರದ ಕೆಲಸ, ಕಾಯುವುದು ವರ್ಷವಿಡೀ ಕೆಲಸ. ಈ ಭಾನುವಾರ ಕಟ್ಟಿ. ಆದರೆ ಪೆನ್‌ಡ್ರೈವ್ ಒಂದನ್ನು ಅಕ್ಕನ ಮನೆಗೆ ಕಳಿಸದೆ ಮಲಗಬೇಡಿ.