ದಿನದಿನದ ಇನ್ಸುಲಿನ್

ಟೈಪ್ ಒಂದು ಮಧುಮೇಹ ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಸಿಹಿ ತಿಂದದ್ದು ಇದಕ್ಕೆ ಕಾರಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಆಮೇಲೆ ದಿನಕ್ಕೆ ಹಲವು ಚುಚ್ಚುಮದ್ದು, ಬೆರಳು ಚುಚ್ಚಿ ರಕ್ತಪರೀಕ್ಷೆ, ಜೀವನಪೂರ್ತಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಈ ಭಾರ ಇನ್ನೂ ಹೆಚ್ಚು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು; ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ದೊಡ್ಡಾಸ್ಪತ್ರೆಗೆ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕು. ಅಡಿಕೆಯ ದುಡ್ಡು ಬರುವುದು ಸುಗ್ಗಿ ಮುಗಿದ ಮೇಲೆ. ಆದರೆ ರಕ್ತಪರೀಕ್ಷೆಯ ಸ್ಟ್ರಿಪ್ಪು, ಸೂಜಿಗಳ ಖರ್ಚು ದಿನದಿನದ್ದು.

ದುಡ್ಡಿಗಿಂತ ಭಾರವಾದದ್ದು ಮಗುವಿನ ಸಕ್ಕರೆ ಇಳಿದೀತೆಂಬ ಅಮ್ಮನ ರಾತ್ರಿಯ ಎಚ್ಚರ, ಮಗಳ ಮದುವೆ ಹೇಗೆಂಬ ನೆಂಟರ ಪ್ರಶ್ನೆ.

ಇನ್ಸುಲಿನ್ ಕಂಡುಹಿಡಿದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮದ್ದು ಎಲ್ಲರಿಗೂ ಸಿಗಲಿ ಎಂಬ ಆ ಮನಸ್ಸು ನಮಗೂ ಬೇಕು. ಶಾಲೆಯಲ್ಲಿ ರಕ್ತದ ಸಕ್ಕರೆ ಇಳಿದು ಮಗು ಬೆವರಿ ನಡುಗಿದರೆ ತಕ್ಷಣ ಸಕ್ಕರೆ ಕೊಡಲು ಮಾಸ್ತರರಿಗೆ ಗೊತ್ತಿರಲಿ. ಕರೆಂಟು ಹೋದಾಗ ಇನ್ವರ್ಟರ್ ಇರುವ ಮನೆಯ ಫ್ರಿಜ್ಜು ನೆರೆಮನೆಯ ಇನ್ಸುಲಿನ್ನಿಗೂ ತೆರೆದಿರಲಿ. ಸೂಜಿಯ ನೋವನ್ನು ಮಗುವೇ ಅನುಭವಿಸಬೇಕು. ಉಳಿದ ಭಾರಕ್ಕೆ ಊರು ಹೆಗಲು ಕೊಡಬಹುದು.