ಚಿಲಕ ಕೆಟ್ಟ ವಿಮಾನ



ನಾನಿವತ್ತು ಹೇಳಬೇಕೆಂದಿರುವುದು ಮೇಬಲ್ ರಾಲಿನ್ಸನ್ ಎಂಬ ಅಮೆರಿಕದ ಹೆಣ್ಣುಮಗಳ ವಿಷಯ. ಮಿಷಿಗನ್ ರಾಜ್ಯದ ಕಲಮಜೂ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಜೊತೆಗೆ ವಿಮಾನ ಹಾರಿಸುವುದನ್ನೂ ಕಲಿತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೈಲಟ್‌ಗಳು ಸಾಲದೆ ಬಂದಾಗ ಅಲ್ಲಿನ ಸೈನ್ಯ ಹೆಂಗಸರನ್ನು ಕರೆಯಿತು. ಆ ಪಡೆಗೆ ವಾಸ್ಪ್ ಎಂದು ಹೆಸರು. ಅರ್ಜಿ ಹಾಕಿದವರು 25,000ಕ್ಕೂ ಹೆಚ್ಚು, ತರಬೇತಿ ಮುಗಿಸಿದವರು 1,074.

ಮೇಬಲ್ ಅವರನ್ನು ಕಳಿಸಿದ್ದು ಉತ್ತರ ಕ್ಯಾರೊಲಿನಾದ ಕ್ಯಾಂಪ್ ಡೇವಿಸ್‌ಗೆ. ಅಲ್ಲಿನ ಕೆಲಸ ಏನು ಗೊತ್ತೇ? ವಿಮಾನದ ಹಿಂದೆ ಉದ್ದನೆಯ ಬಟ್ಟೆ ಕಟ್ಟಿಕೊಂಡು ಹಾರುವುದು. ಕೆಳಗಿನಿಂದ ಸೈನಿಕರು ಅದಕ್ಕೆ ನಿಜವಾದ ಗುಂಡು ಹೊಡೆದು ಗುರಿ ಕಲಿಯುವುದು! ವಿಮಾನಗಳೋ, ಯುದ್ಧದಲ್ಲಿ ಸವೆದು ಬಂದಂಥವು. ಬಿಡಿಭಾಗ ಸಿಗುತ್ತಿರಲಿಲ್ಲ.

1943ರ ಆಗಸ್ಟ್ 23ರ ರಾತ್ರಿ ಎ-24 ವಿಮಾನದಲ್ಲಿ ರಾತ್ರಿ ಹಾರಾಟದ ತರಬೇತಿ. ಮೊದಲ ಸರದಿ ಇದ್ದದ್ದು ಒಬ್ಬ ಗೆಳತಿಯದು. ಆಕೆಯ ಊಟ ಆಗಿರಲಿಲ್ಲ. ನೀನು ಊಟ ಮಾಡು, ನಾನು ಹೋಗಿ ಬರುತ್ತೇನೆ ಅಂತ ಮೇಬಲ್ ಹೊರಟರು. ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು, ಅಲ್ಲವೇ?

ಇಳಿಯಲು ಬರುವಾಗ ವಿಮಾನ ಮರಗಳಿಗೆ ಬಡಿದು ಎರಡು ತುಂಡಾಯಿತು. ಹಿಂದೆ ಕೂತಿದ್ದ ತರಬೇತುದಾರ ಹೊರಗೆ ಎಸೆಯಲ್ಪಟ್ಟು ಬದುಕಿದರು. ಮುಂದಿನ ಭಾಗಕ್ಕೆ ಬೆಂಕಿ ಹತ್ತಿತು. ಮೇಬಲ್ ತಲೆಯ ಮೇಲಿನ ಗಾಜಿನ ಮುಚ್ಚಳದ ಚಿಲಕ ಕೆಟ್ಟಿತ್ತು, ಒಳಗಿನಿಂದ ತೆರೆಯಲು ಬರುತ್ತಿರಲಿಲ್ಲ. ಗೆಳತಿಗೆ ಆ ಕೂಗು ಕೇಳಿಸಿತಂತೆ. ಮೇಬಲ್‌ಗೆ ಆಗ 26 ವರ್ಷ.

ಆಮೇಲಿನದು ಇನ್ನೂ ಸಂಕಟದ್ದು. ಸೈನ್ಯದ ವಿಮಾನ, ಸೈನ್ಯದ ಆದೇಶ, ಆದರೆ ಕಾಗದದಲ್ಲಿ ಈ ಹೆಂಗಸರು ನಾಗರಿಕರು. ಹಾಗಾಗಿ ಶವ ಊರಿಗೆ ಕಳಿಸುವ ಖರ್ಚೂ ಸೈನ್ಯದ್ದಲ್ಲ! ಜೊತೆಗಾರ್ತಿಯರೇ ಚಂದಾ ಎತ್ತಿ ರೈಲಿನಲ್ಲಿ ಕಳಿಸಿದರು, ಇಬ್ಬರು ಜೊತೆಗೂ ಹೋದರು. ಪೆಟ್ಟಿಗೆಯ ಮೇಲೆ ರಾಷ್ಟ್ರಧ್ವಜ ಹೊದಿಸುವ ಹಾಗಿರಲಿಲ್ಲ. ಮನೆಯವರು ಕೇಳಲಿಲ್ಲ, ಹೊದಿಸಿಯೇ ಬಿಟ್ಟರು.

ಆ ಪಡೆಯಲ್ಲಿ ಹೀಗೆ ತೀರಿಕೊಂಡವರು 38 ಮಂದಿ. ಸೈನಿಕರೆಂಬ ಮಾನ್ಯತೆಗೆ ಕಾನೂನು ಆದದ್ದು 1977ರಲ್ಲಿ. 2010ರಲ್ಲಿ ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ಕೊಟ್ಟಿತು. ಅಷ್ಟರಲ್ಲಿ ಬದುಕುಳಿದವರೆಲ್ಲ ಎಂಬತ್ತು ದಾಟಿದ ಅಜ್ಜಿಯರು. ಕೆಲವರು ಗಾಲಿಕುರ್ಚಿಯಲ್ಲಿ ಬಂದಿದ್ದರು.