ಕೈಯಿಂದ ಬಂದ ಅರಿವು
(ಶ್ರಾವಣ ಮಾಸದ ಪ್ರವಚನ)



ಶರಣರು ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನವನ್ನು ಕೊಟ್ಟದ್ದು ಏಕೆ? ಬರಿಯ ಹೊಟ್ಟೆಪಾಡಿಗಾಗಿ ಎಂದು ತಿಳಿದರೆ ತಪ್ಪಾದೀತು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆದರು. ಒಂಟಿ ಎಳೆಯನ್ನು ಜಗ್ಗಿದರೆ ಹರಿದುಹೋಗುತ್ತದೆ. ಅಂಥವೇ ಹತ್ತಾರು ಎಳೆಗಳನ್ನು ಹೊಸೆದರೆ ತುಂಬಿದ ಕೊಡವನ್ನು ಬಾವಿಯಿಂದ ಮೇಲೆತ್ತುತ್ತದೆ. ಇದನ್ನು ಮೊದಲು ಬಲ್ಲದ್ದು ಕೈ. ಮಾತು ಆಮೇಲೆ ಬಂತು. ಮಾಡಿ ಕಂಡವರೇ ಕೂಡಿ ಕುಳಿತು ಮಾತಾಡಿದ್ದರಿಂದ ಅದು ಅನುಭವ ಮಂಟಪವಾಯಿತು.

ಈ ಮಾತನ್ನು ಇಂದು ಎತ್ತಲು ಕಾರಣವುಂಟು. ನಮ್ಮಿಂದ ಒಂದು ತಪ್ಪಾಗಿದೆ.

ಹೋದ ವರ್ಷ ಶ್ರೀಮಠದ ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳ ವಿಜ್ಞಾನ ಪ್ರದರ್ಶನ ನಡೆಯಿತು. ಒಂದೆಡೆ ಥರ್ಮೋಕೋಲಿನ ಜ್ವಾಲಾಮುಖಿ, ಬಣ್ಣವೇನು, ದೀಪವೇನು! "ಇದು ಏಕೆ ಉಕ್ಕುತ್ತದೆ, ಮಗು?" ಎಂದು ಕೇಳಿದೆವು. ಮಗು ಹಿಂದಿದ್ದ ತಂದೆಯ ಮುಖ ನೋಡಿತು. ಮೂಲೆಯಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಕೆಟ್ಟು ನೀರು, ಒಂದು ಮುದ್ದೆ ಜೇಡಿಮಣ್ಣು ಇಟ್ಟುಕೊಂಡು ನಿಂತಿದ್ದಳು. "ಬುದ್ಧಿ, ಇದು ಮುಳುಗ್ತದೋ ತೇಲ್ತದೋ?" "ಮುಳುಗುತ್ತದೆ, ಕಂದ" ಎಂದೆವು, ಮುಳುಗಿತು. ಅದೇ ಮಣ್ಣನ್ನು ಎತ್ತಿ, ತಟ್ಟಿ, ಬಟ್ಟಲು ಮಾಡಿ ಬಿಟ್ಟಳು, ತೇಲಿತು. ನಾವು ಕಾರಣ ಹೇಳಲು ಬಾಯಿ ತೆರೆದರೆ, "ತಾಳಿ ಬುದ್ಧಿ, ಇನ್ನೂ ಕಲ್ಲು ಹಾಕಿ ನೋಡಬೇಕು" ಎಂದಳು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಮೊದಲ ಬಹುಮಾನವನ್ನು ಈ ಕೈಯಾರೆ ಜ್ವಾಲಾಮುಖಿಗೆ ಕೊಟ್ಟೆವು.

ಅಂದು ಬಹುಮಾನ ಸಂದದ್ದು ಮಗುವಿಗಲ್ಲ, ತಂದೆಯ ಹಣಕ್ಕೆ. ಪರರ ಕಾಯಕವನ್ನು ತನ್ನದೆಂದು ತೋರಿಸುವುದನ್ನು ಏಳು ವರ್ಷದ ಕೂಸಿಗೆ ನಾವೇ ಕಲಿಸಿದಂತಾಯಿತು.

ಮಕ್ಕಳ ವಿಜ್ಞಾನಕ್ಕೆ ದುಡ್ಡು ಬೇಕಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ, ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕಾರ್ಯ ಆರಂಭವಾಯಿತು. 1978ರಲ್ಲಿ ಅಲ್ಲಿಗೆ ಹೋದ ಇಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬುಗಳಿಂದಲೇ ಮಕ್ಕಳಿಗೆ ರೇಖಾಗಣಿತ ತೋರಿಸಿದರು. ನೀವೂ ಮಾಡಿ ನೋಡಿರಿ. ಮದ್ದು ತೆಗೆದ ನಾಲ್ಕು ಕಡ್ಡಿಗಳನ್ನು ಟ್ಯೂಬಿನ ತುಂಡುಗಳಿಂದ ಜೋಡಿಸಿದ ಚೌಕ, ಒತ್ತಿದರೆ ವಾಲುತ್ತದೆ. ಮೂರು ಕಡ್ಡಿಯ ತ್ರಿಕೋನ ವಾಲುವುದಿಲ್ಲ. ಆಮೇಲೆ ಮಗುವನ್ನು ಹೆಂಚಿನ ಮನೆಯ ಮಾಡಿನ ಕೆಳಗೆ ನಿಲ್ಲಿಸಿ, "ಇಲ್ಲಿ ತ್ರಿಕೋನ ಎಲ್ಲಿದೆ?" ಎಂದು ಕೇಳಿರಿ.

ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲು ಇಡಿಸಿರಿ. ನಮ್ಮ ನಾಡಿನಲ್ಲಿ ವರ್ಷಕ್ಕೆ ಎರಡು ಸಲ ನಡುಹಗಲು ಸೂರ್ಯನು ನೆತ್ತಿಯ ಮೇಲೆ ಬಂದು ಆ ನೆರಳೇ ಇಲ್ಲವಾಗುತ್ತದೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24, ಆಗಸ್ಟ್ 18ರ ಸುಮಾರಿಗೆ. ಸೂರ್ಯನು ದಿನವೂ ಒಂದೇ ದಾರಿಯಲ್ಲಿ ನಡೆಯುವುದಿಲ್ಲವೆಂಬುದನ್ನು ಮಗು ಕಲ್ಲು ಇಟ್ಟು ಇಟ್ಟು ತಾನೇ ಕಾಣಲಿ.

ತಾಯಂದಿರಲ್ಲಿ ಒಂದು ಮಾತು. ಬಟ್ಟೆ ಕೆಸರಾದರೆ ಒಗೆಯಬಹುದು. "ಮುಟ್ಟಬೇಡ, ಸುಮ್ಮನೆ ಕೂತ್ಕೋ" ಎಂದು ಹತ್ತು ಸಲ ಕೇಳಿದ ಮಗು ಹನ್ನೊಂದನೆಯ ಸಲ ಕೇಳುವುದನ್ನೇ ಬಿಡುತ್ತದೆ. ಗುರುಗಳೂ ಉತ್ತರವನ್ನು ಮೊದಲೇ ಹೇಳಿಬಿಡಬೇಡಿರಿ. ಬೆಂಕಿ, ಬಾವಿ, ವಿದ್ಯುತ್ತುಗಳಿಂದ ಕಾಯಿರಿ. ಉಳಿದದ್ದನ್ನು ಮಗುವಿನ ಕೈಗೆ ಬಿಡಿರಿ.

ಮೊನ್ನೆ ಆ ಹುಡುಗಿಯನ್ನು ಕರೆಸಿ, "ಅಂದು ನಿನ್ನ ಬಟ್ಟಲು ಎಷ್ಟು ಕಲ್ಲು ಹಿಡಿಯಿತವ್ವ?" ಎಂದು ಕೇಳಿದೆವು. "ಹನ್ನೊಂದು, ಬುದ್ಧಿ. ಮನೇಲಿ ಅಷ್ಟೇ ಮಣ್ಣಲ್ಲಿ ಅಗಲ ಮಾಡಿ, ಅಂಚು ಎತ್ತರಿಸ್ದೆ, ಹದಿನೆಂಟು ಹಿಡೀತು. ಬಟ್ಟಲು ಹೆಚ್ಚು ನೀರನ್ನ ಪಕ್ಕಕ್ಕೆ ತಳ್ತದೆ, ಅದಕ್ಕೇ" ಎಂದಳು. ನಾವು ಅಂದು ಹೇಳಹೊರಟಿದ್ದ ಕಾರಣವೇ ಅದು. ನಾವು ಹೇಳಿದ್ದರೆ ಅದು ನಮ್ಮ ಮಾತಾಗಿ ಉಳಿಯುತ್ತಿತ್ತು. ಈಗ ಅವಳ ಅರಿವಾಗಿದೆ.

ಈ ವರ್ಷದಿಂದ ಮಕ್ಕಳು ಪ್ರದರ್ಶನದ ದಿನ ಎಲ್ಲರೆದುರೇ ಮಾಡಿ ತೋರಿಸಬೇಕು. ಕೊಂಡು ತಂದ ವಸ್ತುವಿಗೆ ಬಹುಮಾನವಿಲ್ಲ. ಹೋದ ವರ್ಷದ ಸಾಲವಾಗಿ ಆ ಮಗುವಿಗೆ ಇಂದು ಈ ವೇದಿಕೆಯಲ್ಲಿ ಒಂದು ಪುಸ್ತಕವನ್ನು ಕೊಡುತ್ತೇವೆ. ನೀವೆಲ್ಲ ಹರಸಿರಿ.